ಎಲ್ಲ ಧರ್ಮಗಳೂ ಒಂದನ್ನೇ ಹೇಳುವಾಗ ಜಗಳವೇಕೆ?

ಪ್ರಶ್ನೆ: ಎಲ್ಲ ಧರ್ಮಗಳ ಸಾರವೂ ಒಂದೇ ಎಂದಮೇಲೆ ದೇವರ ಹೆಸರಿನಲ್ಲಿ ಜನ ಏಕೆ ಬಡಿದಾಡುತ್ತಾರೆ?

ಉತ್ತರ: ಈ ಪ್ರಶ್ನೆಗೆ ಹಿಂದೆ ಹಲವು ಬಾರಿ ಉತ್ತರಿಸಿದ್ದೇನೆ. ಆದರೂ ಅದು ಮತ್ತೆ ಮತ್ತೆ ಬರುತ್ತಿರುವುದರಿಂದ, ಈ ಸಲ ಪ್ರಶ್ನೆಯ ಮೊದಲರ್ಧವನ್ನೇ ಪರೀಕ್ಷೆಗೆ ಒಡ್ಡುತ್ತೇನೆ.

ಧರ್ಮಗಳು ಒಂದನ್ನೇ ಹೇಳುವುದಿಲ್ಲ. ಜೈನರೂ ಬೌದ್ಧರೂ ಸೃಷ್ಟಿಕರ್ತನಾದ ದೇವರನ್ನು ಒಪ್ಪುವುದಿಲ್ಲ. ಅಷ್ಟೇಕೆ, ವೇದವೇ ಪರಮ ಪ್ರಮಾಣವೆಂದು ಸಾಧಿಸಿದ ಮೀಮಾಂಸಕ ಕುಮಾರಿಲ ಭಟ್ಟನೂ ಜಗತ್ತಿಗೊಬ್ಬ ಕರ್ತೃವಿದ್ದಾನೆಂಬ ವಾದವನ್ನು ಖಂಡಿಸಿದವನೇ. ಯೇಸು ಕ್ರೈಸ್ತರಿಗೆ ದೇವರ ಮಗ; ಮುಸ್ಲಿಮರಿಗೆ ಪೂಜ್ಯ ಪ್ರವಾದಿ, ಆದರೆ ದೇವರಿಗೆ ಮಗನಿದ್ದಾನೆಂಬ ಮಾತನ್ನು ಅವರು ಸರ್ವಥಾ ಒಪ್ಪರು. ಒಂದೇ ಬ್ರಹ್ಮಸೂತ್ರಕ್ಕೆ ಭಾಷ್ಯ ಬರೆದ ಶಂಕರರು ಜೀವ-ಬ್ರಹ್ಮರ ಐಕ್ಯವನ್ನು ಪ್ರತಿಪಾದಿಸಿದರೆ, ಮಧ್ವರು ಈಶ್ವರ, ಜೀವ, ಜಡಗಳ ನಡುವಿನ ಐದು ಬಗೆಯ ಭೇದಗಳನ್ನು ನಿತ್ಯಸತ್ಯವೆಂದು ಸಾರಿದರು. ಇವರೆಲ್ಲರ ಮಾತೂ ಒಂದೇ ಎನ್ನುವುದು ಉದಾರತೆಯಂತೆ ಕಾಣುತ್ತದೆ, ನಿಜ. ಆದರೆ ಹಾಗೆನ್ನುವವರು ಇವರಲ್ಲಿ ಯಾರ ಮಾತನ್ನೂ ಪೂರ್ತಿ ಕೇಳಿಸಿಕೊಂಡಿರುವುದಿಲ್ಲ. ನೀತಿಯಾದರೂ ಒಂದೇ ತಾನೇ ಎಂದು ಕೆಲವರು ಪಟ್ಟು ಹಿಡಿಯುತ್ತಾರೆ. ಅಲ್ಲಿ ಸಾಮ್ಯ ಹೆಚ್ಚೆಂಬುದನ್ನು ಒಪ್ಪುತ್ತೇನೆ. ಆದರೂ ಅದೇ ಬೈಬಲ್ಲನ್ನು ಓದಿ ಮಧ್ಯಯುಗದ ಕ್ರೈಸ್ತ ಚಿಂತಕ ಅಕ್ವಿನಾಸ್ ನ್ಯಾಯಯುದ್ಧದ ಷರತ್ತುಗಳನ್ನು ವಿಧಿಸಿದ, ಕ್ವೇಕರರೆಂಬ ಕ್ರೈಸ್ತ ಪಂಥದವರು ಆಯುಧವನ್ನೇ ಮುಟ್ಟಲೊಲ್ಲೆವೆಂದರು.

ಇನ್ನು ಒಮ್ಮತವಿದ್ದಲ್ಲಿ ಜಗಳವಿರದು ಎಂಬ ನಂಬಿಕೆಯನ್ನು ನೋಡೋಣ. 1618ರಿಂದ 1648ರವರೆಗೆ ಯುರೋಪಿನಲ್ಲಿ ನಡೆದ ಮೂವತ್ತು ವರ್ಷಗಳ ಯುದ್ಧದಲ್ಲಿ ಕಾದಾಡಿದ ಕ್ಯಾಥೊಲಿಕರೂ ಪ್ರೊಟೆಸ್ಟಂಟರೂ ಒಬ್ಬನೇ ದೇವರನ್ನು, ಒಬ್ಬನೇ ಕ್ರಿಸ್ತನನ್ನು ಪ್ರಾರ್ಥಿಸುತ್ತಿದ್ದರು. ಅಷ್ಟೇ ಅಲ್ಲ, ಕಾರ್ಡಿನಲ್ ರಿಶೆಲ್ಯೂ ಮಂತ್ರಿಯಾಗಿದ್ದ ಕ್ಯಾಥೊಲಿಕ್ ಫ್ರಾನ್ಸ್, ಆಸ್ಟ್ರಿಯಾ, ಸ್ಪೇನುಗಳನ್ನು ಆಳುತ್ತಿದ್ದ, ಕ್ಯಾಥೊಲಿಕರೇ ಆದ ಹ್ಯಾಬ್ಸ್‌ಬರ್ಗ್ ದೊರೆಗಳ ಬಲ ಮುರಿಯಲು, 1631ರಲ್ಲಿ ಲೂಥರನ್, ಎಂದರೆ ಪ್ರೊಟೆಸ್ಟಂಟ್, ಸ್ವೀಡನ್ನಿಗೆ ಹಣ ಕೊಡಲೊಪ್ಪಿತು. ಕೊನೆಗೆ ವೆಸ್ಟ್‌ಫಾಲಿಯಾದ ಸಂಧಿಯಲ್ಲಿ ಯಾರ ದೇವತಾಶಾಸ್ತ್ರ ಸರಿಯೆಂದು ಯಾರೂ ಇತ್ಯರ್ಥ ಮಾಡಲಿಲ್ಲ. 1624ರ ಆರಂಭದಲ್ಲಿ ಚರ್ಚಿನ ಆಸ್ತಿ ಯಾರ ವಶದಲ್ಲಿತ್ತೆಂಬುದನ್ನೇ ಬಹುಮಟ್ಟಿಗೆ ತೀರ್ಮಾನಕ್ಕೆ ಆಧಾರವಾಗಿಟ್ಟುಕೊಂಡರು. ನಂಬಿಕೆ ಬರೀ ನೆಪವಾಗಿತ್ತೆಂದು ನಾನು ಹೇಳುತ್ತಿಲ್ಲ. ನಂಬಿಕೆಯ ಜೊತೆಗೆ ಭೂಮಿ, ಅಧಿಕಾರ ಮತ್ತು ಭಯಗಳು ಹೆಣೆದುಕೊಂಡಾಗ ಭಿನ್ನಾಭಿಪ್ರಾಯ ಯುದ್ಧವಾಗುತ್ತದೆ. ಆದ್ದರಿಂದ ಪರಿಹಾರವನ್ನು ಸಿದ್ಧಾಂತಗಳ ಐಕ್ಯದಲ್ಲಿ ಹುಡುಕಿ ಫಲವಿಲ್ಲ. ಅಶೋಕನ ಹನ್ನೆರಡನೆಯ ಬಂಡೆಗಲ್ಲಿನ ಶಾಸನವೂ ಪಂಥಗಳೆಲ್ಲ ಒಂದೇ ಎನ್ನುವುದಿಲ್ಲ. ಸಕಾರಣವಿಲ್ಲದೆ ಸ್ವಪಂಥವನ್ನು ಹೊಗಳಿ ಪರಪಂಥವನ್ನು ಹಳಿಯದಂತೆ ನಾಲಿಗೆಯನ್ನು ಹಿಡಿತದಲ್ಲಿಡಿ, ಪರಸ್ಪರರ ಧರ್ಮವನ್ನು ಕೇಳಿ ಎನ್ನುತ್ತದೆ.

ಹಾಗಾದರೆ ತಪ್ಪೆಂದು ತೋರಿದ ನಂಬಿಕೆಯ ಎದುರು ಸುಮ್ಮನಿರಬೇಕೇ? ಇದನ್ನು ಯಾರೂ ಕೇಳಿಲ್ಲ, ಕೇಳಬೇಕಿತ್ತು. ಸುಮ್ಮನಿರಬೇಕಿಲ್ಲ. ನ್ಯಾಯವೆಂಬ ಭಾರತೀಯ ತರ್ಕಶಾಸ್ತ್ರವು ಚರ್ಚೆಯನ್ನು ಮೂರಾಗಿ ವಿಂಗಡಿಸುತ್ತದೆ: ಸತ್ಯ ತಿಳಿಯಲು ನಡೆಸುವುದು ವಾದ, ಗೆಲ್ಲಲೆಂದೇ ನಡೆಸುವುದು ಜಲ್ಪ, ತನ್ನದೇನನ್ನೂ ಸ್ಥಾಪಿಸದೆ ಎದುರಾಳಿಯದನ್ನು ಕೆಡವುವುದಷ್ಟೇ ವಿತಂಡ. ವಾದಕ್ಕಿಳಿದವನು ಮೊದಲು ಪೂರ್ವಪಕ್ಷವನ್ನು, ಎಂದರೆ ಎದುರಾಳಿಯ ನಿಲುವನ್ನು, ಅವನೇ ಹೌದೆನ್ನುವಂತೆ ಮಂಡಿಸಿ ಆಮೇಲೆ ಖಂಡಿಸಬೇಕು. ಈ ಶಿಸ್ತು ಸದಾ ಪಾಲನೆಯಾಯಿತೆಂದಲ್ಲ, ವ್ಯಂಗ್ಯ ಬೈಗುಳಗಳೂ ಧಾರಾಳವಾಗಿಯೇ ಇವೆ. ಆದರೂ ದೇವರನ್ನೂ ಪರಲೋಕವನ್ನೂ ಅಲ್ಲಗಳೆದ ಚಾರ್ವಾಕರ ಗ್ರಂಥಗಳು ಬಹುಪಾಲು ಕಳೆದುಹೋಗಿರುವಾಗ, ಅವರು ಏನೆಂದು ವಾದಿಸುತ್ತಿದ್ದರೆಂಬುದು ಇಂದು ನಮಗೆ ತಿಳಿಯುವುದು ಮುಖ್ಯವಾಗಿ ಅವರನ್ನು ಖಂಡಿಸಲು ಕುಳಿತವರ ಬರಹಗಳಿಂದಲೇ.