ಕಂಪನಿಯ ಮೇಲಿನ ಸಿಟ್ಟು ಮತ್ತು ಕಾನೂನಿನ ಗಡಿಯಾರ

ಮುಂಬಯಿ ಹತ್ತಿರದ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ 2016ರ ಮೇ 26ರಂದು ಒಂದು ರಾಸಾಯನಿಕ ಕಾರ್ಖಾನೆ ಸಿಡಿಯಿತು. 2024ರ ಮೇ 23ರಂದು ಇನ್ನೊಂದು. ಎರಡೂ ಸಲ ಹತ್ತಕ್ಕೂ ಹೆಚ್ಚು ಜನ ಸತ್ತರು. ಕನ್ನಡದ ಮನೆಗಳು ಸಾಕಷ್ಟಿರುವ ಊರು ಅದು. ಅಂಥ ದಿನ "ಆ ಮಾಲೀಕನನ್ನೇ ಬೆಂಕಿಗೆ ಹಾಕಬೇಕು" ಎಂಬ ಮಾತು ಯಾರ ಬಾಯಲ್ಲಿ ಬಂದರೂ ಆಶ್ಚರ್ಯವಿಲ್ಲ. 2024ರ ಡಿಸೆಂಬರ್ 4ರಂದು ನ್ಯೂಯಾರ್ಕಿನಲ್ಲಿ ಆರೋಗ್ಯ ವಿಮಾ ಕಂಪನಿಯೊಂದರ ಮುಖ್ಯಸ್ಥರನ್ನು ಯಾರೋ ಗುಂಡಿಟ್ಟು ಕೊಂದಾಗ, ಸಂತಾಪದ ಪೋಸ್ಟಿಗೆ ಸಾವಿರಾರು ಜನ ನಗುವ ಇಮೋಜಿ ಒತ್ತಿದ್ದರು. ಅವರೆಲ್ಲ ಕೊಲೆಗಡುಕ ಮನಸ್ಸಿನವರೇ? ಅಲ್ಲ. ಅವರ ಮನಸ್ಸು ಕೇಳಿಕೊಂಡ ಪ್ರಶ್ನೆ ಬೇರೆ, ಕೋರ್ಟು ಕೇಳುವ ಪ್ರಶ್ನೆ ಬೇರೆ.

ಮೊದಲು ಕಂಪನಿಯ ಕಡೆ ನೋಡೋಣ. ಜೋಶುವಾ ನೋಬ್ ಎಂಬ ತತ್ತ್ವಶಾಸ್ತ್ರಜ್ಞ 2003ರಲ್ಲಿ ಪ್ರಕಟಿಸಿದ ಪ್ರಯೋಗ ಬಹಳ ಸರಳ. ಕಂಪನಿಯ ಅಧ್ಯಕ್ಷನಿಗೆ "ಈ ಯೋಜನೆಯಿಂದ ಲಾಭ ಬರುತ್ತದೆ, ಆದರೆ ಪರಿಸರ ಹಾಳಾಗುತ್ತದೆ" ಎಂದು ಹೇಳುತ್ತಾರೆ. "ಪರಿಸರದ ಗೊಡವೆ ನನಗಿಲ್ಲ, ಲಾಭ ಬಂದರೆ ಸಾಕು" ಎನ್ನುತ್ತಾನೆ ಅವನು. ಅವನು ಬೇಕೆಂದೇ ಹಾಳುಮಾಡಿದನೇ ಎಂದು ಪಾರ್ಕಿನಲ್ಲಿದ್ದವರನ್ನು ಕೇಳಿದರೆ ಶೇ. 82ರಷ್ಟು ಜನ ಹೌದೆಂದರು. ಅದೇ ಕಥೆಯಲ್ಲಿ 'ಹಾಳಾಗುತ್ತದೆ' ಇದ್ದಲ್ಲಿ 'ಸುಧಾರಿಸುತ್ತದೆ' ಎಂದಿಟ್ಟಾಗ, ಬೇಕೆಂದೇ ಸುಧಾರಿಸಿದ ಎಂದವರು ಶೇ. 23 ಮಾತ್ರ. ಅಧ್ಯಕ್ಷನ ಮನಸ್ಸು ಎರಡರಲ್ಲೂ ಒಂದೇ. ಕೆಟ್ಟದ್ದಾದರೆ ನಾವು ಉದ್ದೇಶವನ್ನು ಹೊರಿಸಿಬಿಡುತ್ತೇವೆ.

ಕಾನೂನು ಅಷ್ಟು ಸಲೀಸಾಗಿ ಹೊರಿಸುವುದಿಲ್ಲ. ಭೋಪಾಲದಲ್ಲಿ 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಮಿಥೈಲ್ ಐಸೋಸಯನೇಟ್ ಎಂಬ ವಿಷಾನಿಲ ಸೋರಿದಾಗ ತೊಟ್ಟಿಯನ್ನು ತಂಪಾಗಿಡಬೇಕಿದ್ದ ಘಟಕ ನಿಂತಿತ್ತು, ಅನಿಲವನ್ನು ಸುಡಬೇಕಿದ್ದ ಗೋಪುರ ಕೆಲಸ ಮಾಡುವ ಸ್ಥಿತಿಯಲ್ಲಿರಲಿಲ್ಲ. ಓದುವವರಿಗೆ ಇದು ಕೊಲೆಯೇ. ಆದರೆ ಸಾವು ಸಂಭವಿಸಬಹುದೆಂಬ ಅರಿವು ಆರೋಪಿಗಳಿಗಿತ್ತು ಎನ್ನಲು ಆಧಾರ ಸಾಲದೆಂದು 1996ರಲ್ಲಿ ಸುಪ್ರೀಂ ಕೋರ್ಟ್ ಆರೋಪವನ್ನು ಹತ್ತು ವರ್ಷ ಶಿಕ್ಷೆಯ ಕಲಮಿನಿಂದ ನಿರ್ಲಕ್ಷ್ಯದ ಕಲಮಿಗೆ ಇಳಿಸಿತು. 2010ರಲ್ಲಿ ಸಿಕ್ಕಿದ್ದು ಎರಡು ವರ್ಷ. ಈಗಿನ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ನಿರ್ಲಕ್ಷ್ಯದ ಸಾವಿಗೆ ಶಿಕ್ಷೆ ಐದು ವರ್ಷದವರೆಗೆ ಏರಿದೆ. ಇಷ್ಟು ಕಡಿಮೆಯಾಯಿತೆಂಬ ಅಸಮಾಧಾನ ನ್ಯಾಯವಾದದ್ದೇ, ನನ್ನ ಮಟ್ಟಿಗಂತೂ. ಆದರೆ ಆ ಅಸಮಾಧಾನ ಕೈಗೆ ಕಲ್ಲು ತೆಗೆದುಕೊಂಡಾಗ ಕೋರ್ಟಿನ ಲೆಕ್ಕ ಹೇಗಿರುತ್ತದೆ?

ಅದಕ್ಕೆ ಮುಂಬಯಿಯದೇ ಹಳೆಯ ಪ್ರಕರಣವಿದೆ. ಕಂಪನಿಗೂ ಅದಕ್ಕೂ ಸಂಬಂಧವಿಲ್ಲ, ಲೆಕ್ಕ ಮಾತ್ರ ಅದೇ. 1959ರ ಏಪ್ರಿಲ್ 27ರಂದು ನೌಕಾಪಡೆಯ ಅಧಿಕಾರಿ ನಾನಾವತಿ ತನ್ನ ಹೆಂಡತಿಯ ಪ್ರಿಯಕರನನ್ನು ಕೊಂದ. ಊರಿಗೆ ಊರೇ ಅವನ ಪರ. ತೀರ್ಪು ಹೇಳಲು ಕೂತ ಒಂಬತ್ತು ಜನಸಾಮಾನ್ಯರ ಜೂರಿಯಲ್ಲಿ ಎಂಟು ಜನ ನಿರ್ದೋಷಿ ಎಂದರು. ಹೈಕೋರ್ಟ್ ಅದನ್ನು ಒಪ್ಪದೆ ಜೀವಾವಧಿ ಶಿಕ್ಷೆ ಕೊಟ್ಟಿತು. ಸುಪ್ರೀಂ ಕೋರ್ಟ್ ಗಡಿಯಾರ ನೋಡಿತು: ಮಧ್ಯಾಹ್ನ ಒಂದೂವರೆಗೆ ಮನೆ ಬಿಟ್ಟವನು, ಹೆಂಡತಿ ಮಕ್ಕಳನ್ನು ಸಿನೆಮಾಕ್ಕೆ ಬಿಟ್ಟು, ಹಡಗಿಗೆ ಹೋಗಿ ಸುಳ್ಳು ಕಾರಣ ಹೇಳಿ ರಿವಾಲ್ವರ್ ಪಡೆದು, ಆರು ಗುಂಡು ತುಂಬಿ, ಕೊಂದದ್ದು 4.20ಕ್ಕೆ. ಸಿಟ್ಟು ಇಳಿಯಲು ಅಷ್ಟು ಹೊತ್ತು ಸಾಕಿತ್ತೆಂದು 1961ರಲ್ಲಿ ಆ ಶಿಕ್ಷೆಯನ್ನು ಎತ್ತಿಹಿಡಿಯಿತು.

ಕಂಪನಿಯ ನಿರ್ದೇಶಕನ ಮೇಲೆ ಹೋಗುವವನಿಗೆ ಮೂರು ಗಂಟೆ ಸಾಲದು. ವಿಳಾಸ, ಓಡಾಟದ ವೇಳೆ ಗೊತ್ತುಮಾಡಿಕೊಳ್ಳಲೇ ದಿನಗಳು ಬೇಕು. ಹಾಗಾಗಿ ಹಠಾತ್ ಪ್ರಚೋದನೆಯ, ಅಂದರೆ ಆ ಕ್ಷಣದ ಸಿಟ್ಟಿನಲ್ಲಿ ಹಿಡಿತ ತಪ್ಪಿತು ಎಂಬ ವಾದ ಅಲ್ಲೇ ಮುಗಿಯಿತು. ಆತ್ಮರಕ್ಷಣೆ? ಪೊಲೀಸರ, ಅಧಿಕಾರಿಗಳ ಮೊರೆಹೋಗಲು ಸಮಯವಿದ್ದರೆ ಆ ಹಕ್ಕಿಲ್ಲ ಎನ್ನುತ್ತದೆ ನ್ಯಾಯ ಸಂಹಿತೆಯ 37ನೇ ಕಲಮು. ಆಫೀಸನ್ನು ಸುಡುವ ಉದ್ದೇಶದಿಂದ ಬೆಂಕಿ ಇಟ್ಟರೆ 326ನೇ ಕಲಮಿನಲ್ಲಿ ಹತ್ತು ವರ್ಷದವರೆಗೆ ಅಥವಾ ಜೀವಾವಧಿ. ಯಾಕೆ ಮಾಡಿದ ಎಂಬುದು ಅಪರಾಧ ಹೌದೋ ಅಲ್ಲವೋ ಎಂದು ತೀರ್ಮಾನಿಸುವಾಗ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೆ ಜಾಗ ಸಿಗುವುದು ಶಿಕ್ಷೆ ಎಷ್ಟೆಂದು ನಿರ್ಧರಿಸುವಾಗ, ಇಲ್ಲವೆ ಕ್ಷಮಾದಾನದಲ್ಲಿ. ನಾನಾವತಿಗೂ 1964ರಲ್ಲಿ ರಾಜ್ಯಪಾಲರು ಕ್ಷಮೆ ಕೊಟ್ಟರು.

ಕಾನೂನಿನ ನಿಧಾನ ಕೆಲಸಕ್ಕೆ ಬರುವ ಇನ್ನೊಂದು ಜಾಗವಿದೆ. ಕಂಪನಿಯಲ್ಲಿ ತೀರ್ಮಾನ ಒಬ್ಬನ ಕೈಯಲ್ಲಿರುವುದಿಲ್ಲ. ದುರಸ್ತಿಗೆ ಹಣ ಕೇಳಿದವರೊಬ್ಬರು, ಮುಂದೂಡಿದವರೊಬ್ಬರು, ತಪಾಸಣೆಯ ಕಾಗದಕ್ಕೆ ಸಹಿ ಹಾಕಿದವರು ಮತ್ತೊಬ್ಬರು. ಗುಂಪಿನ ಕೈಗೆ ಸಿಗುವವನು ಗೇಟಿನ ವಾಚ್‌ಮನ್. ಯಾರಿಗೆ ಏನು ಯಾವಾಗ ಗೊತ್ತಿತ್ತು ಎಂದು ತೋರಿಸಿದರೆ ಮಾತ್ರ ಆರೋಪ ನಿರ್ಲಕ್ಷ್ಯದಿಂದ ಮೇಲೇರಿ 105ನೇ ಕಲಮಿನ ಹತ್ತು ವರ್ಷದವರೆಗೆ ಹೋಗಬಲ್ಲದು. ತೋರಿಸುವುದು ಯಾವುದರಿಂದ? ಪಾಳಿಯ ಲಾಗ್‌ಬುಕ್, ರಿಯಾಕ್ಟರಿನ ಉಷ್ಣತೆ ಒತ್ತಡಗಳ ದಾಖಲೆ, ದುರಸ್ತಿ ರಿಜಿಸ್ಟರ್, ಮಾಲಿನ್ಯ ನಿಯಂತ್ರಣ ಮಂಡಳಿಯ ನೋಟಿಸು. ಪೊಲೀಸರು ಪಂಚನಾಮೆ ಮಾಡಿ ಇವನ್ನು ವಶಕ್ಕೆ ಪಡೆಯುವ ಮೊದಲೇ ಆಫೀಸಿಗೆ ಬೆಂಕಿ ಬಿದ್ದರೆ, ನಿರ್ದೇಶಕನ ವಕೀಲನಿಗೆ ಅರ್ಧ ಕೆಲಸ ಕಡಿಮೆ.