ಗುಂಡಿನ ಸದ್ದಿಗೆ ಮುಂಚಿನ ಕಥೆ: ನಿರ್ಮಾಪಕ ಎಲಿಯಾಸ್ ಕೆರೆಹೇತಾ ಮತ್ತು ಸ್ಪೇನಿನ ಅಪರಾಧ ಚಿತ್ರಗಳು

ಸ್ಪ್ಯಾನಿಷ್ ಭಾಷೆಯ ಅಪರಾಧ ಕಥೆಗಳೆಂದರೆ ಬಹಳ ಮಂದಿಗೆ ಒಟಿಟಿಯಲ್ಲಿ ಬಂದ ದರೋಡೆ ಸರಣಿಗಳೇ ನೆನಪಾಗುತ್ತವೆ. ಆದರೆ ಪೊಲೀಸರು ಕಳ್ಳನನ್ನು ಹೇಗೆ ಹಿಡಿದರು ಎಂಬುದನ್ನು ಪಕ್ಕಕ್ಕಿಟ್ಟು, ಅವನು ಕಳ್ಳನಾದದ್ದು ಯಾವ ಬೀದಿಯಲ್ಲಿ, ಯಾವ ಕಾಲದಲ್ಲಿ ಎಂದು ಕೇಳುವ ಚಿತ್ರಗಳು ಸ್ಪೇನಿನಲ್ಲಿ ಅದಕ್ಕೆ ಎಷ್ಟೋ ಮೊದಲೇ ಇದ್ದವು. ಅವುಗಳಲ್ಲಿ ಬಹುಮುಖ್ಯವಾದ ಹಲವಕ್ಕೆ ಒಬ್ಬನೇ ನಿರ್ಮಾಪಕ, ಎಲಿಯಾಸ್ ಕೆರೆಹೇತಾ. 1934ರಲ್ಲಿ ಉತ್ತರ ಸ್ಪೇನಿನ ಬಾಸ್ಕ್ ಸೀಮೆಯ ಎರ್ನಾನಿಯಲ್ಲಿ ಹುಟ್ಟಿದವರು. ಯೌವನದಲ್ಲಿ ರಿಯಲ್ ಸೊಸಿಯೆದಾದ್ ತಂಡಕ್ಕೆ ಫುಟ್‌ಬಾಲ್ ಆಡಿ, ಅದನ್ನು ಬಿಟ್ಟು ಸಿನಿಮಾಗೆ ಬಂದರು. 1960ರ ದಶಕದ ಆರಂಭದಲ್ಲಿ ತಮ್ಮದೇ ಸಂಸ್ಥೆ ಕಟ್ಟಿದರು. 2013ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಐವತ್ತಕ್ಕೂ ಹೆಚ್ಚು ಚಿತ್ರಗಳ ಹಿಂದೆ ಅವರ ಹೆಸರಿತ್ತು.

ಈ ಚಿತ್ರಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ನಿರ್ದೇಶಕರಿಂದ ಶುರುಮಾಡುತ್ತಾರೆ: ಕಾರ್ಲೋಸ್ ಸೌರಾ, ವಿಕ್ಟರ್ ಎರಿಸೆ, ಮೊಂಚೊ ಅರ್ಮೆಂದಾರಿಸ್, ಫೆರ್ನಾಂದೊ ಲಿಯೋನ್ ದೆ ಅರಾನೋವಾ. ನಿರ್ಮಾಪಕನ ಕಡೆಯಿಂದ ನೋಡಿದಾಗ ಮಾತ್ರ ಒಂದು ಸಂಗತಿ ನಿಚ್ಚಳವಾಗುತ್ತದೆ. ಆ ಚಿತ್ರಗಳು ಏನು ಹೇಳಿದವು, ಹೇಗೆ ಹೇಳಿದವು ಎಂಬುದರ ಅರ್ಧ ಪಾಲು ಸೆನ್ಸಾರ್ ನಿಯಮ ಮತ್ತು ಸಹಾಯಧನದ ಲೆಕ್ಕಾಚಾರದೊಳಗೆ ತೀರ್ಮಾನವಾಗಿತ್ತು.

ಕೆರೆಹೇತಾಗಿಂತ ಮೊದಲೇ ದಾರಿ ಹುಡುಕಿದವರಿದ್ದರು. 1951ರ ‘ಸುರ್ಕೋಸ್’ ಚಿತ್ರ, ಹಳ್ಳಿ ಬಿಟ್ಟು ಮ್ಯಾಡ್ರಿಡ್‌ಗೆ ಬಂದ ಕುಟುಂಬವೊಂದು ಕಾಳಸಂತೆಯವರ ಕೈಗೆ ಸಿಕ್ಕಿ ಒಡೆದುಹೋಗುವುದನ್ನು ತೋರಿಸಿತು. ಅದಕ್ಕೆ ‘ರಾಷ್ಟ್ರೀಯ ಮಹತ್ವ’ದ ದರ್ಜೆ ಕೊಡಿಸಿದ, ಸರ್ಕಾರದ ಸಿನಿಮಾ ವಿಭಾಗದ ಮುಖ್ಯಸ್ಥ ಹೊಸೆ ಮರಿಯಾ ಗಾರ್ಸಿಯಾ ಎಸ್ಕುದೆರೊ, ಅದರಿಂದೆದ್ದ ಗಲಾಟೆಯಲ್ಲಿ ಹುದ್ದೆ ಬಿಡಬೇಕಾಯಿತು. ಸೌರಾ ಅವರ ಮೊದಲ ಕಥಾಚಿತ್ರ ‘ಲೋಸ್ ಗೋಲ್ಫೋಸ್’ ನಗರದಂಚಿನ ಹುಡುಗರ ಸಣ್ಣಪುಟ್ಟ ಕಳ್ಳತನಗಳ ಕಥೆ. 1960ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡ ಆ ಚಿತ್ರ ಸ್ವಂತ ದೇಶದಲ್ಲಿ ಬಿಡುಗಡೆಯಾಗಿದ್ದು 1962ರಲ್ಲಿ, ಅದೂ ಕತ್ತರಿ ಬಿದ್ದ ಮೇಲೆ.

ಆ ಕತ್ತರಿ ಕೆಲಸ ಮಾಡುತ್ತಿದ್ದ ರೀತಿ ಗೊತ್ತಿಲ್ಲದಿದ್ದರೆ ಮುಂದಿನದು ಅರ್ಥವಾಗದು. ನಮ್ಮಲ್ಲಿ ಚಿತ್ರ ಮುಗಿದ ಮೇಲೆ ಸೆನ್ಸಾರ್ ಮಂಡಳಿಯ ಮುಂದೆ ಹೋಗುತ್ತದೆ. ಅಂತರ್ಯುದ್ಧ ಗೆದ್ದು 1939ರಿಂದ ದೇಶವಾಳಿದ ಸರ್ವಾಧಿಕಾರಿ ಫ್ರಾಂಕೊ ಕಾಲದ ಸ್ಪೇನಿನಲ್ಲಿ ಎರಡು ಬಾಗಿಲು ದಾಟಬೇಕಿತ್ತು. ಮೊದಲು ಚಿತ್ರಕಥೆಯನ್ನು ಒಪ್ಪಿಸಬೇಕು; ಅದು ಪಾಸಾಗದೆ ಚಿತ್ರೀಕರಣದ ಪರವಾನಗಿ ಸಿಗದು. ಆಮೇಲೆ ಮುಗಿದ ಚಿತ್ರವನ್ನು ಇನ್ನೊಮ್ಮೆ ತೋರಿಸಬೇಕು. ಕಾಗದದ ಮೇಲೆ ಒಪ್ಪಿದ ದೃಶ್ಯವನ್ನು ಪರದೆಯ ಮೇಲೆ ಕಂಡಾಗ ಕಿತ್ತುಹಾಕಲು ಸೆನ್ಸಾರ್‌ನವರಿಗೆ ಅಧಿಕಾರವಿತ್ತು. ಎರಡನೆಯ ಬಾಗಿಲಿನ ಹೊತ್ತಿಗೆ ನಿರ್ಮಾಪಕನ ಹಣವೆಲ್ಲ ಖರ್ಚಾಗಿರುತ್ತದೆ. ಹೀಗಾಗಿ ಹೆಚ್ಚಿನವರು ಬರೆಯುವಾಗಲೇ ತಮ್ಮ ಕಥೆಯನ್ನು ತಾವೇ ಕತ್ತರಿಸಿಕೊಳ್ಳುತ್ತಿದ್ದರು. ಕಣ್ಣಿಗೆ ಕಾಣುವ ಕಡಿತಕ್ಕಿಂತ ದೊಡ್ಡ ನಷ್ಟ ಇದು.

1962ರಲ್ಲಿ ಗಾರ್ಸಿಯಾ ಎಸ್ಕುದೆರೊ ಮತ್ತೆ ಅದೇ ಹುದ್ದೆಗೆ ಬಂದರು. 1963ರಲ್ಲಿ ಸೆನ್ಸಾರ್ ನಿಯಮಗಳು ಮೊದಲ ಬಾರಿಗೆ ಬರಹರೂಪದಲ್ಲಿ ಹೊರಬಂದವು. ನಿಯಮ ಕಠಿಣವೇ ಆಗಿತ್ತು. ಆದರೂ ಬರೆದಿಟ್ಟ ನಿಯಮದ ಜೊತೆ ವಾದ ಮಾಡಬಹುದು, ಅಧಿಕಾರಿಯ ಮರ್ಜಿಯ ಜೊತೆ ಸಾಧ್ಯವಿಲ್ಲ. 1964ರ ಆಗಸ್ಟ್‌ನಲ್ಲಿ ಹಣದ ನಿಯಮವೂ ಬದಲಾಯಿತು. ಪ್ರತಿ ಸ್ಪ್ಯಾನಿಷ್ ಚಿತ್ರಕ್ಕೂ ಗಲ್ಲಾಪೆಟ್ಟಿಗೆಯ ಗಳಿಕೆಯ ಶೇ 15ರಷ್ಟು ಸಹಾಯಧನ; ‘ವಿಶೇಷ ಆಸಕ್ತಿ’ಯ ದರ್ಜೆ ಪಡೆದ ಚಿತ್ರಕ್ಕೆ ಅದಕ್ಕಿಂತ ಹೆಚ್ಚು. ಗಟ್ಟಿ ವಸ್ತುವಿನ, ಕಡಿಮೆ ಖರ್ಚಿನ ಚಿತ್ರ ಮಾಡುವವನಿಗೆ ಇದು ಸರಿಯಾಗಿ ಹೊಂದುವ ಲೆಕ್ಕ. ವಿದೇಶದಲ್ಲಿ ಉದಾರ ಮುಖ ತೋರಿಸಬೇಕಿದ್ದ ಸರ್ಕಾರಕ್ಕೆ ಚಿತ್ರೋತ್ಸವಗಳಿಗೆ ಕಳಿಸಬಹುದಾದ ಚಿತ್ರಗಳು ಬೇಕಿದ್ದವು. ಕೆರೆಹೇತಾ ಹೊಕ್ಕಿದ್ದು ಆ ಸಂದಿಯಲ್ಲಿ.

ಅವರ ವಿಧಾನವನ್ನು ಬಿಡಿಸಿ ನೋಡಿದರೆ ಮೊದಲು ಕಾಣುವುದು ಕಾಯಂ ತಂಡ. ಛಾಯಾಗ್ರಹಣಕ್ಕೆ ಲೂಯಿಸ್ ಕ್ವಾದ್ರಾದೊ, ನಂತರ ತೆಯೊ ಎಸ್ಕಮೀಯಾ. ಸಂಕಲನಕ್ಕೆ ಪಾಬ್ಲೊ ದೆಲ್ ಅಮೊ. ಸಂಗೀತಕ್ಕೆ ಲೂಯಿಸ್ ದೆ ಪಾಬ್ಲೊ. ನಿರ್ಮಾಣ ನಿರ್ವಹಣೆಗೆ ಪ್ರಿಮಿತೀವೊ ಆಲ್ವಾರೊ. ನಿರ್ದೇಶಕರು ಬದಲಾಗುತ್ತಿದ್ದರು, ತಂಡ ಬಹುಮಟ್ಟಿಗೆ ಹಾಗೇ ಇರುತ್ತಿತ್ತು. ಹೊಸ ನಿರ್ದೇಶಕನಿಗೆ ಅನುಭವವಿಲ್ಲದಿದ್ದರೂ ಬೆಳಕು ಮತ್ತು ಸಂಕಲನ ಕೈಕೊಡುತ್ತಿರಲಿಲ್ಲ. ಎರಡನೆಯದು, ಅರ್ಥವನ್ನು ಚಿತ್ರಕಥೆಯಿಂದ ಹೊರಗೆ ಸಾಗಿಸುವುದು: ಮಾತಿನಲ್ಲಿ ಹೇಳಲಾಗದ್ದನ್ನು ನಟರ ಆಯ್ಕೆಯಲ್ಲಿ, ಬೆಳಕಿನಲ್ಲಿ, ಕಟ್‌ಗಳ ನಡುವೆ ಇಡುವುದು. ಓದುವ ಅಧಿಕಾರಿಗೆ ಅದು ಸಿಗದು. ಮೂರನೆಯದು ಚಿತ್ರೋತ್ಸವಗಳು. ಬರ್ಲಿನ್‌ನಲ್ಲೋ ಕಾನ್‌ನಲ್ಲೋ ಪ್ರಶಸ್ತಿ ಬಂದ ಚಿತ್ರವನ್ನು ಊರಲ್ಲಿ ಹೂತುಹಾಕುವುದು ಸರ್ಕಾರಕ್ಕೇ ಮುಜುಗರ.

1966ರಲ್ಲಿ ತೆರೆಕಂಡ ಸೌರಾ ಅವರ ‘ಲಾ ಕಾಸಾ’ (ಬೇಟೆ) ಈ ಮೂರನ್ನೂ ಒಟ್ಟಿಗೆ ತೋರಿಸುತ್ತದೆ. ಮೂವರು ನಡುವಯಸ್ಸಿನ ಹಳೆಯ ಗೆಳೆಯರು ಒಬ್ಬ ಯುವಕನ ಜೊತೆ ಸುಡುಬಿಸಿಲಿನಲ್ಲಿ ಮೊಲದ ಬೇಟೆಗೆ ಹೋಗುತ್ತಾರೆ. ಸಾಲ, ಹೊಟ್ಟೆಕಿಚ್ಚು, ಹಳೆಯ ಅವಮಾನಗಳೆಲ್ಲ ಬಿಸಿಲಿನೊಂದಿಗೆ ಏರುತ್ತವೆ. ಸಂಜೆಯೊಳಗೆ ಒಬ್ಬರನ್ನೊಬ್ಬರು ಗುಂಡಿಟ್ಟು ಕೊಂದುಕೊಳ್ಳುತ್ತಾರೆ, ಯುವಕ ಓಡುತ್ತಾನೆ. ಕಾಗದದ ಮೇಲೆ ಇದು ಜಗಳ ಮತ್ತು ಕೊಲೆ. ಪರದೆಯ ಮೇಲೆ ಬೇರೆಯೇ ಆಗುತ್ತದೆ. ಬೇಟೆಯ ಜಾಗ ಹಿಂದೆ ಯುದ್ಧ ನಡೆದ ನೆಲ. ಗುಹೆಯೊಂದರಲ್ಲಿ ಸೈನಿಕನ ಅಸ್ಥಿಪಂಜರವಿದೆ. ಮಾತಿನಲ್ಲಿ ‘ಯುದ್ಧ’ ಎಂದಷ್ಟೇ ಬರುತ್ತದೆ, ಅಂತರ್ಯುದ್ಧವೆಂದು ಯಾರೂ ಬಾಯಿಬಿಡುವುದಿಲ್ಲ. ಮೂವರಲ್ಲಿ ಒಬ್ಬರ ಪಾತ್ರಕ್ಕೆ ತಂದದ್ದು ಆಲ್ಫ್ರೆದೊ ಮಾಯೊ ಅವರನ್ನು. ಫ್ರಾಂಕೊ ತಾವೇ ಗುಪ್ತನಾಮದಲ್ಲಿ ಕಥೆ ಬರೆದಿದ್ದ 1942ರ ‘ರಾಸಾ’ ಚಿತ್ರದ ವೀರ ನಾಯಕ ಇವರೇ. ಅದೇ ಮುಖ ಇಪ್ಪತ್ತು ವರ್ಷ ದಾಟಿ, ಬೇಟೆಯ ಬಂದೂಕು ಹಿಡಿದು ಬಂದು ನಿಂತಾಗ ಪ್ರೇಕ್ಷಕನಿಗೆ ವಿವರಣೆ ಬೇಕಿರಲಿಲ್ಲ. ಕ್ವಾದ್ರಾದೊ ಕಪ್ಪುಬಿಳುಪನ್ನು ಎಷ್ಟು ಕಟುವಾಗಿ ಹಿಡಿದಿದ್ದಾರೆಂದರೆ, ನೆಲ ಬಿಳಿಚಿಕೊಂಡು ಮುಖದ ಬೆವರು, ಸುಕ್ಕು ಮಾತ್ರ ಎದ್ದು ಕಾಣುತ್ತವೆ. ಬರ್ಲಿನ್ ಸೌರಾಗೆ ಅತ್ಯುತ್ತಮ ನಿರ್ದೇಶಕನ ಬೆಳ್ಳಿ ಕರಡಿ ಕೊಟ್ಟಿತು. ಅಲ್ಲಿಂದ 1982ರವರೆಗೆ ಇಬ್ಬರೂ ಸೇರಿ ಒಟ್ಟು 13 ಚಿತ್ರ ಮಾಡಿದರು.

ಈ ವಿಧಾನಕ್ಕೆ ಮಿತಿಯೂ ಇತ್ತು. ಸೆನ್ಸಾರನ್ನು ದಾಟಿದರೂ ಬೀದಿಯನ್ನು ದಾಟಬೇಕಿತ್ತು. 1974ರ ‘ಲಾ ಪ್ರಿಮಾ ಆಂಖೆಲಿಕಾ’ದಲ್ಲಿ ಫ್ರಾಂಕೊ ಪರವಾದ ಫ್ಯಾಸಿಸ್ಟ್ ಪಕ್ಷ ಫಲಾಂಜ್‌ನ ಒಬ್ಬ ಚಿಕ್ಕಪ್ಪನ ಮುರಿದ ಕೈಗೆ ಪ್ಲಾಸ್ಟರ್ ಹಾಕಲಾಗಿರುತ್ತದೆ, ಆ ಕೈ ಫ್ಯಾಸಿಸ್ಟ್ ಸೆಲ್ಯೂಟಿನ ಭಂಗಿಯಲ್ಲೇ ನಿಂತುಬಿಟ್ಟಿರುತ್ತದೆ. ಆ ದೃಶ್ಯ ತೆಗೆಯಬೇಕೆಂಬ ಒತ್ತಡಕ್ಕೆ ಕೆರೆಹೇತಾ ಮಣಿಯಲಿಲ್ಲ. ಕಾನ್‌ನಲ್ಲಿ ಜ್ಯೂರಿ ಪ್ರಶಸ್ತಿ ಬಂತು. ಊರಿನಲ್ಲಿ, ಮ್ಯಾಡ್ರಿಡ್‌ನ ಅಮಾಯಾ ಚಿತ್ರಮಂದಿರದಿಂದ ರೀಲು ಕದ್ದೊಯ್ದರು. ಬಾರ್ಸಿಲೋನಾದ ಬಾಲ್ಮೆಸ್ ಚಿತ್ರಮಂದಿರಕ್ಕೆ ಜುಲೈನಲ್ಲಿ ಬೆಂಕಿಬಾಂಬ್ ಬಿತ್ತು.

ಫ್ರಾಂಕೊ 1975ರ ನವೆಂಬರ್ 20ರಂದು ತೀರಿಕೊಂಡರು. ಚಿತ್ರಕಥೆಯ ಪೂರ್ವಪರಿಶೀಲನೆ 1976ರಲ್ಲಿ ರದ್ದಾಯಿತು, ಉಳಿದ ಸೆನ್ಸಾರ್ 1977ರ ನವೆಂಬರ್‌ನಲ್ಲಿ ಹೋಯಿತು. ಎಲ್ಲವನ್ನೂ ನೇರವಾಗಿ ಹೇಳಬಹುದಾದಾಗ ಸೂಚ್ಯವಾಗಿ ಹೇಳುವ ಕಲೆಗೆ ಏನು ಕೆಲಸ ಎಂಬ ಪ್ರಶ್ನೆ ಎದ್ದಿತು. ಅಷ್ಟರಲ್ಲಿ ಹೊಸ ಸಮಸ್ಯೆಯೊಂದು ಬೀದಿಯಲ್ಲೇ ನಿಂತಿತ್ತು. 1960ರ ದಶಕದಲ್ಲಿ ಹಳ್ಳಿಗಳಿಂದ ಬಂದವರಿಗಾಗಿ ಮ್ಯಾಡ್ರಿಡ್, ಬಾರ್ಸಿಲೋನಾಗಳ ಅಂಚಿನಲ್ಲಿ ಅವಸರದಲ್ಲಿ ಕಟ್ಟಿದ ವಸತಿ ಸಮುಚ್ಚಯಗಳಲ್ಲಿ ಅವರ ಮಕ್ಕಳು ಈಗ ಹರೆಯಕ್ಕೆ ಬಂದಿದ್ದರು. ಕೆಲಸವಿರಲಿಲ್ಲ, ಹೆರಾಯಿನ್ ಇತ್ತು. ಕಾರು ಕಳ್ಳತನ, ಬ್ಯಾಂಕ್ ದರೋಡೆಗಳ ಮೇಲೆ ‘ಕಿಂಕಿ’ ಎಂದು ಹೆಸರಾದ ಚಿತ್ರಗಳ ಅಲೆಯೇ ಬಂತು. 1977ರ ‘ಪೆರ್ರೋಸ್ ಕಾಯೆಖೆರೋಸ್’, 1980ರ ‘ನವಾಖೆರೋಸ್’ ಅದರಲ್ಲಿ ಹೆಸರಾದವು.

ಕೆರೆಹೇತಾ ಮತ್ತು ಸೌರಾ ಆ ಅಲೆಗೆ ಕೊಟ್ಟದ್ದು 1981ರ ‘ದೆಪ್ರಿಸಾ, ದೆಪ್ರಿಸಾ’. ವೃತ್ತಿನಟರನ್ನು ಬಿಟ್ಟು ಅದೇ ಬಡಾವಣೆಗಳ ಹುಡುಗರನ್ನೇ ಆರಿಸಿದರು. ಸಂಭಾಷಣೆಯನ್ನು ಅವರ ಬಾಯಿಗೆ ಬರುವ ಮಾತಿಗೆ ತಕ್ಕಂತೆ ತಿದ್ದಿದರು. ಮೊದಲ ದೃಶ್ಯವನ್ನು ಗಮನಿಸಿ. ಇಬ್ಬರು ಹುಡುಗರು ಕಾರು ಕದಿಯಲು ಒಳಗೆ ಕೂತಿದ್ದಾರೆ. ಮಾಲೀಕ ನೋಡಿಬಿಡುತ್ತಾನೆ, ಜನ ಸುತ್ತುವರಿಯುತ್ತಾರೆ, ಎಂಜಿನ್ ಹತ್ತುತ್ತಿಲ್ಲ. ಒಬ್ಬ ಪಿಸ್ತೂಲು ತೋರಿಸಿದಾಗ ಜನ ಹಿಂದೆ ಸರಿಯುತ್ತಾರೆ. ಬೆದರಿಸುವ ಸಂಗೀತವಿಲ್ಲ, ಉಪದೇಶವಿಲ್ಲ. ಪ್ರತಿ ದರೋಡೆಯಾದ ಮೇಲೆ ಒಬ್ಬ ಹುಡುಗ ಕದ್ದ ಕಾರಿಗೆ ಬೆಂಕಿ ಹಚ್ಚಿ ನೋಡುತ್ತ ನಿಲ್ಲುತ್ತಾನೆ. ಕೊನೆಯಲ್ಲಿ ಗುಂಡೇಟು ತಿಂದವನನ್ನು ನೋಡಲು ಬಂದ ವೈದ್ಯ ಹಣ ಪಡೆದು ಹೋದವನು ಮತ್ತೆ ಬರುವುದೇ ಇಲ್ಲ. ಕನಿಕರವನ್ನು ಕೇಳದ ಈ ಬಿಗಿಯೇ ಚಿತ್ರದ ಶಕ್ತಿ. ಇಡೀ ಕಿಂಕಿ ಅಲೆಯಲ್ಲಿ ಇವತ್ತಿಗೂ ಹಳತಾಗದೆ ಉಳಿದಿರುವುದಕ್ಕೆ ಕಾರಣವೂ ಅದೇ. ಬರ್ಲಿನ್‌ನಲ್ಲಿ ಚಿನ್ನದ ಕರಡಿ ಬಂತು. ಆದರೆ ಪಾತ್ರಧಾರಿಗಳ ಬದುಕು ಪಾತ್ರದಿಂದ ದೂರವಿರಲಿಲ್ಲ. ನಾಯಕ ಪಾತ್ರ ಮಾಡಿದ ಯುವಕ ಅದೇ ವರ್ಷ ನಿಜವಾದ ಬ್ಯಾಂಕ್ ದರೋಡೆಯಲ್ಲಿ ಸೆರೆಯಾದ. ಬೀದಿಯಿಂದ ನಟರನ್ನು ತಂದು, ಚಿತ್ರ ಮುಗಿದ ಮೇಲೆ ಅದೇ ಬೀದಿಗೆ ವಾಪಸ್ ಕಳಿಸುವುದರ ಹೊಣೆ ಯಾರದು ಎಂಬ ಪ್ರಶ್ನೆಗೆ ನಿರ್ಮಾಣ ಸಂಸ್ಥೆಗಳ ಬಳಿ ಆಗ ಉತ್ತರವಿರಲಿಲ್ಲ.

ಬಿಗಿಹಿಡಿತದ ನಿರ್ಮಾಪಕನಿಂದ ಆಗುವ ಹಾನಿಯನ್ನೂ ಇಲ್ಲೇ ಹೇಳಬೇಕು. 1983ರ ಎರಿಸೆ ಚಿತ್ರ ‘ಎಲ್ ಸೂರ್’ಗೆ 81 ದಿನಗಳ ಚಿತ್ರೀಕರಣ ಗೊತ್ತಾಗಿತ್ತು. 48ನೇ ದಿನಕ್ಕೆ ಕೆಲಸ ನಿಂತಿತು. ಹುಡುಗಿ ದಕ್ಷಿಣಕ್ಕೆ, ಆಂದಲೂಸಿಯಾಗೆ ಹೋಗಿ ತಂದೆಯ ರಹಸ್ಯ ಹುಡುಕುವ ಭಾಗ ಚಿತ್ರೀಕರಣವಾಗಲೇ ಇಲ್ಲ. ಉಳಿದ ಅರ್ಧ ಕಾನ್‌ಗೆ ಹೋಯಿತು, ಶ್ರೇಷ್ಠ ಚಿತ್ರವೆಂದೂ ಹೆಸರಾಯಿತು. ಆದರೆ ಎರಿಸೆ ಅದನ್ನು ಪೂರ್ಣಗೊಂಡ ಕೃತಿ ಎಂದು ಒಪ್ಪಲಿಲ್ಲ, ಇಬ್ಬರೂ ಮತ್ತೆ ಜೊತೆಗೂಡಲಿಲ್ಲ. ಸರ್ಕಾರದ ಕತ್ತರಿಯ ವಿರುದ್ಧ ಅಷ್ಟು ಗಟ್ಟಿಯಾಗಿ ನಿಂತ ಸಂಸ್ಥೆಯಲ್ಲೇ ಈ ಕಡಿತ ಆದದ್ದು ನನಗೆ ಕೆರೆಹೇತಾ ಅವರ ವೃತ್ತಿಜೀವನದ ಅತ್ಯಂತ ನೋವಿನ ಅಧ್ಯಾಯವಾಗಿ ಕಾಣುತ್ತದೆ.

1983ರ ಕೊನೆಯಲ್ಲಿ ಸರ್ಕಾರದ ಸಿನಿಮಾ ವಿಭಾಗದ ಆಗಿನ ಮುಖ್ಯಸ್ಥೆ ಪಿಲಾರ್ ಮಿರೊ ತಂದ ನಿಯಮ ಹಣದ ದಿಕ್ಕನ್ನೇ ತಿರುಗಿಸಿತು. ಬಿಡುಗಡೆಯ ನಂತರದ ಗಳಿಕೆ ನೋಡಿ ಕೊಡುವುದರ ಬದಲು, ಯೋಜನೆ ನೋಡಿ ಬಜೆಟ್ಟಿನ ಶೇ 50ರವರೆಗೆ ಮುಂಗಡ. ಚಿತ್ರಗಳ ಸಂಖ್ಯೆ ಇಳಿಯಿತು. ಅಗ್ಗದ ಜನಪ್ರಿಯ ಚಿತ್ರಗಳಿಗೆ ಪೆಟ್ಟು ಬಿತ್ತು. ಕೆರೆಹೇತಾ ಹೊಸಬರತ್ತ ತಿರುಗಿದರು. ಅರ್ಮೆಂದಾರಿಸ್ ಜೊತೆ 1984ರಲ್ಲಿ ನವಾರಾದ ಇದ್ದಿಲು ಸುಡುವವನ ಕಥೆ ‘ತಾಸಿಯೊ’, 1986ರಲ್ಲಿ ಸಾನ್ ಸೆಬಾಸ್ಟಿಯನ್‌ನ ಹೆರಾಯಿನ್ ವ್ಯಸನಿ ಹುಡುಗನ ಕೊನೆಯ ‘27 ಓರಾಸ್’ (27 ಗಂಟೆಗಳು). ಎರಡನೆಯದರ ಚಿತ್ರಕಥೆಯಲ್ಲಿ ಕೆರೆಹೇತಾ ಅವರ ಕೈಯೂ ಇದೆ.

ನಂತರ ಬಂದ ‘ಲಾಸ್ ಕಾರ್ತಾಸ್ ದೆ ಆಲೋ’ ಹೆಚ್ಚು ದೂರ ಹೋಗುತ್ತದೆ. 1985ರ ವಿದೇಶೀಯರ ಕಾನೂನು ಬಂದ ಮೇಲೆ ಕಾಗದಪತ್ರವಿಲ್ಲದೆ ಬಂದ ಆಫ್ರಿಕನ್ ಕೂಲಿ ಸ್ಪೇನಿನಲ್ಲಿ ನಿಂತಲ್ಲೇ ಅಪರಾಧಿಯಂತಾದ. ಆಲೋ ದೋಣಿಯಲ್ಲಿ ಬಂದಿಳಿದು, ಅಲ್ಮೆರಿಯಾದ ಪ್ಲಾಸ್ಟಿಕ್ ಹೊದಿಸಿದ ತೋಟಗಳಲ್ಲಿ ದುಡಿದು, ಹಣ್ಣು ಕೀಳುವ ಕೆಲಸ ಹುಡುಕುತ್ತ ಉತ್ತರಕ್ಕೆ ಹೋಗುತ್ತಾನೆ. ಗಡೀಪಾರಾಗಿ ಮತ್ತೆ ಬರುತ್ತಾನೆ. ಅವನು ಯಾರನ್ನೂ ಕೊಲ್ಲುವುದಿಲ್ಲ, ಏನನ್ನೂ ಕದಿಯುವುದಿಲ್ಲ. ಆದರೂ ಇಡೀ ಚಿತ್ರ ಪೊಲೀಸರ ಭಯದಲ್ಲೇ ಸಾಗುತ್ತದೆ. 1990ರಲ್ಲಿ ಸಾನ್ ಸೆಬಾಸ್ಟಿಯನ್ ಉತ್ಸವದ ಅತ್ಯುನ್ನತ ಪ್ರಶಸ್ತಿಯಾದ ಚಿನ್ನದ ಚಿಪ್ಪು ಇದಕ್ಕೆ ಸಿಕ್ಕಿತು. 1995ರ ‘ಇಸ್ತೋರಿಯಾಸ್ ದೆಲ್ ಕ್ರೋನೆನ್’ ಇದರ ತದ್ವಿರುದ್ಧ ತುದಿ: ಮ್ಯಾಡ್ರಿಡ್‌ನ ಉಳ್ಳವರ ಮಕ್ಕಳು, ಹಣಕ್ಕೆ ಕೊರತೆಯಿಲ್ಲ. ಪಾರ್ಟಿಯೊಂದರಲ್ಲಿ ಮಧುಮೇಹವಿರುವ ಗೆಳೆಯನಿಗೆ ಬಲವಂತವಾಗಿ ವಿಸ್ಕಿ ಕುಡಿಸಿ ಅವನ ಸಾವಿಗೆ ಕಾರಣರಾಗುತ್ತಾರೆ, ಅದೂ ವಿಡಿಯೊ ಕ್ಯಾಮೆರಾ ಓಡುತ್ತಿರುವಾಗಲೇ. ಉಳಿಯುವ ಸಾಕ್ಷಿ ಆ ಕ್ಯಾಸೆಟ್ಟು.

ಲಿಯೋನ್ ದೆ ಅರಾನೋವಾ ಜೊತೆಗಿನ ‘ಬಾರ್ಯೊ’ (1998) ಬೇಸಿಗೆಯಲ್ಲಿ ಎಲ್ಲಿಗೂ ಹೋಗಲಾಗದ ಮೂವರು ಹುಡುಗರದು. ಒಬ್ಬನಿಗೆ ಬಹುಮಾನವಾಗಿ ನೀರಿನ ಮೇಲೆ ಓಡಿಸುವ ಮೋಟರ್‌ಬೈಕ್ ಬರುತ್ತದೆ. ಸಮುದ್ರವಿಲ್ಲದ ಊರಲ್ಲಿ ಅದನ್ನು ಬೀದಿದೀಪದ ಕಂಬಕ್ಕೆ ಸರಪಳಿಯಿಂದ ಕಟ್ಟಿಡುತ್ತಾನೆ. 2002ರ ‘ಲೋಸ್ ಲೂನೆಸ್ ಅಲ್ ಸೋಲ್’ ವೀಗೊ ಬಂದರಿನಲ್ಲಿ, ಮುಚ್ಚಿದ ಹಡಗುಕಟ್ಟೆಯ ಕೆಲಸಗಾರರ ನಡುವೆ ನಡೆಯುತ್ತದೆ. 1984ರ ಕೈಗಾರಿಕಾ ಪುನರ್ರಚನೆ ಕಾನೂನಿನಿಂದ ಶುರುವಾದ ಕೆಲಸ ಕಡಿತದ ಬಾಲ ಅಲ್ಲಿಯವರೆಗೂ ಚಾಚಿತ್ತು. ಹಾವಿಯೆರ್ ಬಾರ್ದೆಮ್ ಪಾತ್ರಕ್ಕೆ ಪ್ರತಿಭಟನೆಯಲ್ಲಿ ಒಡೆದ ಒಂದು ಬೀದಿದೀಪದ ಬೆಲೆ 8,000 ಪೆಸೆಟಾ (ಯೂರೊಗೆ ಮುಂಚಿನ ಸ್ಪೇನಿನ ನಾಣ್ಯ) ಕಟ್ಟುವಂತೆ ನ್ಯಾಯಾಲಯ ಹೇಳಿದೆ. ಮೊತ್ತ ಸಣ್ಣದು. ಕಟ್ಟಿದರೆ ತಪ್ಪು ಒಪ್ಪಿಕೊಂಡಂತೆ ಎಂದು ಅವನ ಹಟ. ಕೊನೆಗೆ ಕಟ್ಟುತ್ತಾನೆ, ಹೋಗಿ ಅದೇ ದೀಪವನ್ನು ಮತ್ತೆ ಒಡೆಯುತ್ತಾನೆ. ಚಿನ್ನದ ಚಿಪ್ಪು, ಸ್ಪೇನಿನ ಮುಖ್ಯ ಸಿನಿಮಾ ಪ್ರಶಸ್ತಿಗಳಾದ ಗೋಯಾ ಐದು ಬಂದವು.

ಅದಕ್ಕೆ ಒಂದು ವರ್ಷ ಮೊದಲು ಕೆರೆಹೇತಾ ಬರೆದು ನಿರ್ಮಿಸಿದ ಸಾಕ್ಷ್ಯಚಿತ್ರ ‘ಅಸೆಸಿನಾತೊ ಎನ್ ಫೆಬ್ರೆರೊ’ವನ್ನು ಈ ಸಾಲಿನಲ್ಲಿ ಸೇರಿಸುವವರು ಕಡಿಮೆ, ನಾನು ಸೇರಿಸುತ್ತೇನೆ. 2000ದ ಫೆಬ್ರವರಿ 22ರಂದು ವಿತೋರಿಯಾದಲ್ಲಿ ಬಾಸ್ಕ್ ಪ್ರತ್ಯೇಕತಾವಾದಿಗಳ ಸಶಸ್ತ್ರ ಸಂಘಟನೆ ಇಟಿಎ ಇಟ್ಟ ಕಾರ್ ಬಾಂಬ್ ಸಮಾಜವಾದಿ ನಾಯಕ ಫೆರ್ನಾಂದೊ ಬುಯೆಸಾ ಮತ್ತು ಅವರ ಅಂಗರಕ್ಷಕ ಹೊರ್ಖೆ ದಿಯೆಸ್ ಅವರನ್ನು ಕೊಂದಿತ್ತು. ಚಿತ್ರ ಆ ಎರಡು ಮನೆಗಳವರನ್ನು ಮಾತಾಡಲು ಬಿಡುತ್ತದೆ. ಬಾಸ್ಕ್ ನೆಲದವರೊಬ್ಬರು ಆಗ ಅದನ್ನು ಮಾಡಲು ಧೈರ್ಯ ಬೇಕಿತ್ತು.

ನೋಡಲು ಶುರುಮಾಡುವವರು ‘ಲಾ ಕಾಸಾ’ದಿಂದ ಆರಂಭಿಸಿ, ತಕ್ಷಣ ‘ದೆಪ್ರಿಸಾ, ದೆಪ್ರಿಸಾ’ ನೋಡಿ. ಮೊದಲನೆಯದರಲ್ಲಿ ಹೇಳದೆ ಬಿಟ್ಟದ್ದನ್ನು ಹುಡುಕಬೇಕು, ಎರಡನೆಯದರಲ್ಲಿ ಎಲ್ಲವೂ ಕಣ್ಣೆದುರೇ ಇದೆ. ನಡುವೆ 15 ವರ್ಷ, ಕಳಚಿಬಿದ್ದ ಒಂದು ಸೆನ್ಸಾರ್ ವ್ಯವಸ್ಥೆ. ಆಮೇಲೆ ‘ಆಲೋ’, ಕೊನೆಗೆ ‘ಲೋಸ್ ಲೂನೆಸ್’. ‘ಎಲ್ ಸೂರ್’ ನೋಡುವ ಮುನ್ನ ಅದು ಅರ್ಧಕ್ಕೆ ನಿಂತ ಚಿತ್ರವೆಂಬುದು ಗೊತ್ತಿರಲಿ. ಕೊನೆಯಲ್ಲಿ ಹುಡುಗಿ ದಕ್ಷಿಣಕ್ಕೆ ಹೊರಡಲು ಪೆಟ್ಟಿಗೆ ತುಂಬುತ್ತಿರುವಾಗ ಚಿತ್ರ ಯಾಕೆ ಅಲ್ಲಿಗೇ ನಿಲ್ಲುತ್ತದೆ ಎಂಬುದು ಆಗ ತಿಳಿಯುತ್ತದೆ.