ಎನ್‌ಎಲ್‌ಪಿಯ ಪೂರ್ವಕಲ್ಪನೆಗಳು: ನಂಬಬೇಕೋ, ಬಳಸಬೇಕೋ?

ಆಪ್ತಸಮಾಲೋಚನೆಯ ತರಬೇತಿಯಲ್ಲಿ ನ್ಯೂರೋ ಲಿಂಗ್ವಿಸ್ಟಿಕ್ ಪ್ರೋಗ್ರಾಮಿಂಗ್ (ಎನ್‌ಎಲ್‌ಪಿ, ಅಂದರೆ ಮಾತಿನ ಮೂಲಕ ಯೋಚನೆ, ನಡವಳಿಕೆಗಳನ್ನು ಬದಲಿಸಲು ಹೊರಡುವ ಒಂದು ವಿಧಾನ) ಅಧ್ಯಾಯ ಮುಗಿದು ಎರಡು ವಾರವಾಯಿತು. ತಂತ್ರಗಳು ನನಗೆ ಬೇಗ ಹಿಡಿದವು. ಮೊದಲ ಪುಟದಲ್ಲಿ ಕೊಟ್ಟಿದ್ದ ‘ಪೂರ್ವಕಲ್ಪನೆಗಳು’ ಎಂಬ ಪಟ್ಟಿಯೇ (‘ನಕ್ಷೆಯೇ ನೆಲವಲ್ಲ’, ‘ಸೋಲಿಲ್ಲ, ಬರೀ ಮಾಹಿತಿ’ ಎಂಬಂಥ ಸಾಲುಗಳು) ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಪ್ರತಿ ಸಾಲಿನ ಪಕ್ಕದಲ್ಲೂ ಪೆನ್ಸಿಲಿನಲ್ಲಿ ‘ನಿಜವೇ?’ ಎಂದು ಬರೆದು ಕೂತಿದ್ದೆ. ಗಂಟು ಬಿಚ್ಚಿದ್ದು ಹೇಗೆಂದು ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ನಿಮ್ಮಲ್ಲೂ ಯಾರಾದರೂ ಅಲ್ಲೇ ನಿಂತಿದ್ದರೆ ಉಪಯೋಗವಾದೀತು.

ಹಿನ್ನೆಲೆ, ಬೇಕಾದಷ್ಟೇ

1970ರ ದಶಕ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಕ್ರೂಜ್ ಕ್ಯಾಂಪಸ್. ಅಲ್ಲಿ ರಿಚರ್ಡ್ ಬ್ಯಾಂಡ್ಲರ್ ವಿದ್ಯಾರ್ಥಿ, ಜಾನ್ ಗ್ರೈಂಡರ್ ಭಾಷಾವಿಜ್ಞಾನದ ಅಧ್ಯಾಪಕ. ಗೆಸ್ಟಾಲ್ಟ್ ಚಿಕಿತ್ಸೆಯ ಫ್ರಿಟ್ಜ್ ಪರ್ಲ್ಸ್, ಕುಟುಂಬ ಚಿಕಿತ್ಸೆಯ ವರ್ಜೀನಿಯಾ ಸಟೀರ್, ಸಮ್ಮೋಹನ ಚಿಕಿತ್ಸೆಯ ಮಿಲ್ಟನ್ ಎರಿಕ್ಸನ್, ಈ ಮೂವರು ರೋಗಿಗಳೊಡನೆ ಹೇಗೆ ಮಾತಾಡುತ್ತಾರೆ ಎಂಬುದನ್ನು ಇಬ್ಬರೂ ಸೇರಿ ಬಿಡಿಸಿ ನೋಡಿದರು. ಎರಿಕ್ಸನ್ ಪರಿಚಯ ಮಾಡಿಸಿದ್ದು ಮಾನವಶಾಸ್ತ್ರಜ್ಞ ಗ್ರೆಗರಿ ಬೇಟ್ಸನ್. ಮೊದಲ ಪುಸ್ತಕ ಬಂದದ್ದು 1975ರಲ್ಲಿ.

ಇದರಲ್ಲಿ ನೆನಪಿಡಬೇಕಾದ್ದು ಒಂದೇ: ಗ್ರೈಂಡರ್ ಭಾಷಾವಿಜ್ಞಾನಿ. ನನಗೆ ಕೀಲಿಕೈ ಸಿಕ್ಕಿದ್ದು ಅಲ್ಲೇ.

ನಾನು ಎಡವಿದ ಜಾಗ: ‘ಪೂರ್ವಕಲ್ಪನೆ’ ಎಂದರೇನು

ನಾನು ಇದನ್ನು ‘ಸಿದ್ಧಾಂತ’ ಎಂದು ಓದಿಕೊಂಡಿದ್ದೆ. ನಮ್ಮ ಬ್ಯಾಚಿನ ಒಬ್ಬರು ‘ಪೂರ್ವಗ್ರಹ’ ಎಂದು ಓದಿಕೊಂಡಿದ್ದರು. ಎರಡೂ ತಪ್ಪು. ಈ ಮಾತಿಗೆ ಭಾಷಾವಿಜ್ಞಾನದಲ್ಲಿ ಖಚಿತವಾದ ಅರ್ಥವಿದೆ: ಒಂದು ವಾಕ್ಯ ಬಾಯಿಬಿಟ್ಟು ಹೇಳದೆ, ಮೊದಲೇ ಇದೆಯೆಂದು ಇಟ್ಟುಕೊಂಡೇ ಶುರುವಾಗುವ ಸಂಗತಿ.

ಈ ಮೂರು ವಾಕ್ಯ ನೋಡಿ.

ಮಾವ ಸಿಗರೇಟು ಬಿಟ್ಟರು.
ಮಾವ ಸಿಗರೇಟು ಬಿಟ್ಟಿಲ್ಲ.
ಮಾವ ಸಿಗರೇಟು ಬಿಟ್ಟರಾ?

ಮೊದಲನೆಯದು ಹೌದು, ಎರಡನೆಯದು ಇಲ್ಲ, ಮೂರನೆಯದು ಪ್ರಶ್ನೆ. ಆದರೂ ಮೂರರಲ್ಲೂ ಒಂದು ಸಂಗತಿ ಅಲುಗದೆ ಉಳಿಯಿತು: ಮಾವ ಸಿಗರೇಟು ಸೇದುತ್ತಿದ್ದರು. ವಾಕ್ಯವನ್ನು ‘ಇಲ್ಲ’ ಮಾಡಿದರೂ ಸಾಯದೆ ಉಳಿಯುವುದೇ ಪೂರ್ವಕಲ್ಪನೆ. ಪರೀಕ್ಷೆ ಇಷ್ಟೇ: ‘ಇಲ್ಲ’ ಸೇರಿಸಿ, ಏನು ಉಳಿಯಿತು ನೋಡಿ.

ಕನ್ನಡದಲ್ಲಿ ಇದಕ್ಕೆ ಪುಟ್ಟ ಪುಟ್ಟ ಪ್ರತ್ಯಯಗಳು, ಪದಗಳೇ ಸಾಕು. ‘ತಂಗಿಯೂ ಬಂದಳು’ ಎಂದರೆ ಬೇರೆ ಯಾರೋ ಬಂದಿದ್ದಾರೆ. ‘ಮತ್ತೆ ಜಗಳವಾಯಿತು’ ಎಂದರೆ ಹಿಂದೆಯೂ ಆಗಿತ್ತು. ನನಗೆ ಮರೆಯಲಾಗದ ಉದಾಹರಣೆ ಅಮ್ಮನ ಮಾತು: ‘ಈಗ್ಲಾದ್ರೂ ಓದ್ಕೋ.’ ಇದಕ್ಕೆ ‘ಹ್ಞೂಂ’ ಎಂದರೂ ‘ಆಮೇಲೆ ಓದ್ತೀನಿ’ ಎಂದರೂ, ‘ಇಲ್ಲಿಯವರೆಗೆ ಓದಿಲ್ಲ’ ಎಂಬುದನ್ನು ಒಪ್ಪಿಕೊಂಡ ಹಾಗೆಯೇ. ಒಪ್ಪದಿರಬೇಕಾದರೆ ಮಾತನ್ನೇ ತಡೆದು ‘ಇಷ್ಟು ಹೊತ್ತೂ ಓದ್ತಾನೇ ಇದ್ನಲ್ಲಮ್ಮಾ’ ಅನ್ನಬೇಕು. ‘ಆದರೂ’ ಎಂಬ ಮೂರಕ್ಷರದೊಳಗೆ ಒಂದು ಇಡೀ ತೀರ್ಪು ಕೂತಿದೆ.

ಈಗ ಎನ್‌ಎಲ್‌ಪಿಗೆ ಬನ್ನಿ. ಸಮಾಲೋಚಕ ಕೇಳುತ್ತಾನೆ: ‘ಹಾಗೆ ಮಾಡುವುದರಿಂದ ನಿಮಗೆ ಏನು ಸಿಗುತ್ತಿದೆ?’ ಇದರೊಳಗೆ ‘ಏನೋ ಒಂದು ಸಿಗುತ್ತಿದೆ’ ಎಂಬ ಪೂರ್ವಕಲ್ಪನೆ ಇದೆ. ಆ ನಂಬಿಕೆ ಇಲ್ಲದವನ ಬಾಯಲ್ಲಿ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ಅವನು ‘ಯಾಕೆ ಹೀಗೆ ಮಾಡ್ತೀರಿ?’ ಎಂದು ಕೇಳುತ್ತಾನೆ. ‘ಯಾಕೆ’ ಎಂದ ಕೂಡಲೇ ಎದುರಿನವರು ಸಮರ್ಥನೆಗೆ ಇಳಿಯುತ್ತಾರೆ.

ಇಲ್ಲಿ ನನಗೆ ಬೆಳಕಾಯಿತು. ಪಟ್ಟಿಯ ಸಾಲುಗಳು ಜಗತ್ತಿನ ಬಗೆಗಿನ ವಾದಗಳಲ್ಲ. ಕೇಳುವವನು ‘ಸದ್ಯಕ್ಕೆ ಹೀಗೆಂದು ಇಟ್ಟುಕೊಳ್ಳೋಣ’ ಎಂದು ಕಾಲಿಡುವ ನೆಲ. ಗಣಿತದಲ್ಲಿ ‘ಎಕ್ಸ್ ಎಂದಿರಲಿ’ ಅನ್ನುತ್ತೇವಲ್ಲ, ಹಾಗೆ. ಹಾಗಾಗಿ ನಾನು ಕಂಡುಕೊಂಡ ಸುಲಭದ ದಾರಿ ಇದು: ಪಟ್ಟಿಯನ್ನು ಬಾಯಿಪಾಠ ಮಾಡಬೇಡಿ. ಪ್ರತಿಯೊಂದು ಸಾಲೂ ಯಾವ ಪ್ರಶ್ನೆಯನ್ನು ಹುಟ್ಟಿಸುತ್ತದೆ ಎಂದು ಪಕ್ಕದಲ್ಲಿ ಬರೆದುಕೊಳ್ಳಿ. ಪೆನ್ಸಿಲಿನ ‘ನಿಜವೇ?’ ಅಳಿಸಿ ನಾನು ಅದನ್ನೇ ಬರೆದೆ.

ನಕ್ಷೆಯೇ ನೆಲವಲ್ಲ

ಇದು ಎನ್‌ಎಲ್‌ಪಿಯವರ ಸ್ವಂತ ಮಾತಲ್ಲ, ಭಾಷೆ ಮತ್ತು ಯೋಚನೆಯ ನಂಟಿನ ಬಗ್ಗೆ ಬರೆದ ಚಿಂತಕ ಆಲ್ಫ್ರೆಡ್ ಕೊರ್ಜಿಬ್ಸ್ಕಿ 1931ರ ಪ್ರಬಂಧವೊಂದರಲ್ಲಿ ಹೇಳಿದ್ದು. ಪ್ರತಿಯೊಬ್ಬರೂ ನಡೆದುಕೊಳ್ಳುವುದು ತಮ್ಮ ತಲೆಯೊಳಗಿನ ನಕ್ಷೆಗೆ ತಕ್ಕಂತೆ. ನಕ್ಷೆಯಲ್ಲಿ ದಾರಿ ಇಲ್ಲದಿದ್ದರೆ ನೆಲದಲ್ಲೂ ಇಲ್ಲವೆಂದುಕೊಳ್ಳುತ್ತಾರೆ. ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿಯ ವ್ಯಾಕರಣದ ಹಿನ್ನೆಲೆಯಿಂದ ಬಂದ ಗ್ರೈಂಡರ್ ಇದಕ್ಕೆ ಭಾಷೆಯ ಕಡೆಯಿಂದ ಕೈ ಹಾಕಿದರು. ಅನುಭವ ಮಾತಾಗುವಾಗ ಮೂರು ಆಗುತ್ತವೆ: ಕೆಲವು ಬಿಟ್ಟುಹೋಗುತ್ತವೆ, ಕೆಲವು ತಿರುಚಿಕೊಳ್ಳುತ್ತವೆ, ಒಂದೆರಡು ಘಟನೆ ‘ಯಾವಾಗಲೂ’ ಆಗಿ ಹಿಗ್ಗುತ್ತದೆ. ಹುಟ್ಟುವ ಪ್ರಶ್ನೆ: ‘ಯಾರು? ಯಾವಾಗ? ಒಮ್ಮೆಯೂ ಬೇರೆ ಥರ ಆಗಿಲ್ಲವೇ?’

ಕನ್ನಡದಲ್ಲಿ ಅಭ್ಯಾಸ ಮಾಡುವವರು ಒಂದು ಕಡೆ ಎಚ್ಚರವಾಗಿರಬೇಕು. ಇಂಗ್ಲಿಷ್ ಪುಸ್ತಕದ ಉದಾಹರಣೆಗಳಲ್ಲಿ ಕರ್ತೃಪದ ಕಣ್ಣಿಗೆ ಕಾಣುತ್ತದೆ. ನಮ್ಮಲ್ಲಿ ಕರ್ತೃವನ್ನು ಬಿಟ್ಟೇ ಮಾತಾಡುವುದು ಸಹಜ. ‘ಬೈದ್ರು’ ಅಂದರೆ ಯಾರು? ‘-ಅರು’ ಬಹುವಚನವೂ ಹೌದು, ಗೌರವವೂ ಹೌದು. ಬೈದದ್ದು ಮೇಲಧಿಕಾರಿ ಒಬ್ಬರೋ, ಇಡೀ ಆಫೀಸೋ? ‘ಹಿಂಗಂತಾರೆ’ ಎಂಬುದೂ ಅಷ್ಟೇ. ಅಭ್ಯಾಸದ ವೇಳೆ ನನ್ನ ಜೊತೆಗಾರ್ತಿ ‘ನಾನು ದಪ್ಪ ಅಂತ ಹೇಳ್ತಾರೆ’ ಅಂದಾಗ, ನಾನು ‘ಯಾರು ಹೇಳಿದ್ದು?’ ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ‘ನಮ್ಮ ದೊಡ್ಡಮ್ಮ, ಹತ್ತನೇ ಕ್ಲಾಸಿನಲ್ಲಿದ್ದಾಗ’ ಅಂದರು. ಲೋಕವೇ ಹೇಳಿದಂತಿದ್ದ ಮಾತು ಒಬ್ಬರ ಬಾಯಿಗೆ ಇಳಿಯಿತು.

ಪ್ರತಿ ನಡವಳಿಕೆಯ ಹಿಂದೆ ಒಂದು ಸದುದ್ದೇಶ

ಎಲ್ಲಕ್ಕಿಂತ ಹೆಚ್ಚು ಹೊತ್ತು ತಿಂದ ಸಾಲು ಇದು. ‘ಸದುದ್ದೇಶ’ ಎಂಬ ಅನುವಾದವೇ ದಾರಿ ತಪ್ಪಿಸುತ್ತದೆ, ನೀತಿಯ ವಾಸನೆ ಬರುತ್ತದೆ. ಇಲ್ಲಿ ‘ಸತ್’ ಎಂದರೆ ಒಳ್ಳೆಯದು ಎಂದಲ್ಲ. ಆ ನಡವಳಿಕೆ ಆ ವ್ಯಕ್ತಿಗೆ ಏನನ್ನೋ ಗಳಿಸಿಕೊಡಲು ಅಥವಾ ಕಾಪಾಡಲು ಹೊರಟಿದೆ ಎಂದಷ್ಟೇ. ಉದ್ದೇಶ ಬೇರೆ, ದಾರಿ ಬೇರೆ. ದಾರಿ ಹಾಳಾಗಿರಬಹುದು.

ನನ್ನ ಮೇಲೇ ಮಾಡಿ ನೋಡಿದೆ. ಮೀಟಿಂಗಿನಲ್ಲಿ ನಾನು ಬಾಯಿ ಬಿಡುವುದಿಲ್ಲ, ಹೇಳಲು ವಿಷಯವಿದ್ದರೂ.

ಸುಮ್ಮನಿರುವುದರಿಂದ ಏನು ಸಿಗುತ್ತದೆ? ತಪ್ಪು ಮಾತು ಹೊರಬರುವುದಿಲ್ಲ.

ಇಲ್ಲಿಗೆ ನಿಲ್ಲಿಸಿಬಿಟ್ಟಿದ್ದೆ. ಮೂರು ದಿನ ಅಭ್ಯಾಸ ಮುಂದೆ ಹೋಗಲೇ ಇಲ್ಲ. ತರಬೇತುದಾರರು ನನ್ನ ಹಾಳೆ ನೋಡಿ, ‘ನಿಮ್ಮ ಉತ್ತರದಲ್ಲಿ ಇನ್ನೂ ‘ಇಲ್ಲ’ ಇದೆಯಲ್ಲ’ ಎಂದರು. ಈ ಒಂದು ಮಾತನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಳ್ಳಿ. ‘ಇಲ್ಲ’ ಎಂಬುದು ಏನನ್ನು ತಪ್ಪಿಸಬೇಕೆಂದು ಹೇಳುತ್ತದೆ, ಏನು ಬೇಕೆಂದು ಹೇಳುವುದಿಲ್ಲ. ‘ಇಲ್ಲ’ ಹೋಗುವ ತನಕ ಅದೇ ಪ್ರಶ್ನೆ ಕೇಳುತ್ತಿರಬೇಕು.

ತಪ್ಪು ಮಾತು ಬರದಿದ್ದರೆ ಏನು ಸಿಗುತ್ತದೆ? ಯಾರೂ ನಗುವುದಿಲ್ಲ. (ಇನ್ನೂ ‘ಇಲ್ಲ’ ಇದೆ.)
ಯಾರೂ ನಗದಿದ್ದರೆ ಏನು ಸಿಗುತ್ತದೆ? ಮರ್ಯಾದೆ ಉಳಿಯುತ್ತದೆ.

ಈಗ ‘ಇಲ್ಲ’ ಹೋಯಿತು. ನನಗೆ ಬೇಕಾದ್ದು ಮರ್ಯಾದೆ. ಅದನ್ನು ಹಿಡಿದುಕೊಂಡೇ ದಾರಿ ಬದಲಾಯಿಸಬಹುದು. ಎನ್‌ಎಲ್‌ಪಿಯ ಆರು ಹಂತದ ಮರುಚೌಕಟ್ಟಿನಲ್ಲಿ (ಉದ್ದೇಶ ಉಳಿಸಿಕೊಂಡು ನಡವಳಿಕೆ ಬದಲಿಸುವ ತಂತ್ರ) ಮೂರು ಬದಲಿ ದಾರಿಗಳನ್ನಾದರೂ ಹುಡುಕಿ ಎನ್ನುತ್ತಾರೆ. ನಾನು ಬರೆದದ್ದು: ಎರಡು ಸಾಲು ಮೊದಲೇ ಬರೆದುಕೊಂಡು ಹೋಗುವುದು, ಅಭಿಪ್ರಾಯದ ಬದಲು ಪ್ರಶ್ನೆ ಕೇಳುವುದು, ಮೊದಲ ಐದು ನಿಮಿಷದೊಳಗೆ ಒಮ್ಮೆ ಮಾತಾಡಿಬಿಡುವುದು. ಕೊನೆಗೆ ‘ಇದಕ್ಕೆ ನನ್ನೊಳಗೆ ಯಾರದಾದರೂ ತಕರಾರಿದೆಯೇ?’ ಎಂದು ಕೇಳಿಕೊಳ್ಳುವ ಹಂತವಿದೆ. ಮೂರನೆಯದಕ್ಕೆ ಹೊಟ್ಟೆ ಬಿಗಿಯಿತು, ಬಿಟ್ಟೆ. ಮೊದಲೆರಡನ್ನು ಹೋದ ವಾರ ಮಾಡಿದೆ, ಆಯಿತು.

ಈ ಸಾಲಿಗೆ ಒಂದು ಬೇಲಿ ಬೇಕು, ನನಗೆ ಇದು ಬಹಳ ಮುಖ್ಯ. ಹೊಡೆಯುವ ಗಂಡನಿಗೂ ಏನೋ ಉದ್ದೇಶ ಇರಬಹುದು. ಅದನ್ನು ಹುಡುಕುವ ಹೊಣೆ ಅವನದು, ಅವನ ಚಿಕಿತ್ಸಕನದು. ಏಟು ತಿಂದವಳ ಮುಂದೆ ಕೂತು ‘ಅವರ ಸದುದ್ದೇಶ ಏನಿರಬಹುದು?’ ಎಂದು ಕೇಳುವುದು ಅನ್ಯಾಯ. ಪ್ರಶ್ನೆ ಯಾರ ನಡವಳಿಕೆಯದೋ ಅವರಿಗೇ.

ಬೇಗ ಮುಗಿಯುವ ಮೂರು

ಸೋಲಿಲ್ಲ, ಬರೀ ಮಾಹಿತಿ. ಪ್ರಶ್ನೆ: ‘ಇದರಿಂದ ಏನು ಗೊತ್ತಾಯಿತು?’ ಇದರಲ್ಲಿ ನನಗೆ ತೊಡಕಾಗಲಿಲ್ಲ.

ಮಾತಿನ ಅರ್ಥ ಎಂದರೆ ಅದಕ್ಕೆ ಸಿಕ್ಕ ಪ್ರತಿಕ್ರಿಯೆ. ಅಪ್ಪ ಕಾಳಜಿಯಿಂದ ‘ಮಾರ್ಕ್ಸ್ ಎಷ್ಟು ಬಂತು?’ ಎನ್ನುತ್ತಾರೆ, ಮಗನಿಗೆ ಅದು ವಿಚಾರಣೆಯಂತೆ ಕೇಳುತ್ತದೆ. ಪ್ರಶ್ನೆ: ‘ಇದನ್ನೇ ಇನ್ನು ಹೇಗೆ ಹೇಳಬಹುದು?’

ಹೆಚ್ಚು ದಾರಿ ಗೊತ್ತಿದ್ದವರ ಕೈ ಮೇಲು. ಇದರ ಬೇರು ವಿಜ್ಞಾನಿ ರಾಸ್ ಆ್ಯಶ್‌ಬಿ ಸೈಬರ್ನೆಟಿಕ್ಸಿನಲ್ಲಿ (ವ್ಯವಸ್ಥೆಗಳ ನಿಯಂತ್ರಣದ ಅಧ್ಯಯನ) ಹೇಳಿದ ವೈವಿಧ್ಯದ ನಿಯಮ. ಬೌಲರ್ ನಾಲ್ಕು ಥರ ಎಸೆದರೆ, ಒಂದೇ ಹೊಡೆತ ಗೊತ್ತಿರುವ ಬ್ಯಾಟ್ಸ್‌ಮನ್ ನಿಲ್ಲಲಾರ.

ಬೇಕಾದ ಸಂಪನ್ಮೂಲ ಅವರವರಲ್ಲೇ ಇದೆ

ಇದರ ಹಿಂದೆ ಎರಿಕ್ಸನ್ ಬದುಕು ಇದೆ. ಹದಿನೇಳನೆಯ ವಯಸ್ಸಿನಲ್ಲಿ ಪೋಲಿಯೋ ತಗುಲಿ ಹಾಸಿಗೆ ಹಿಡಿದರು. ಆಗ ನಡೆಯಲು ಕಲಿಯುತ್ತಿದ್ದ ಪುಟ್ಟ ತಂಗಿಯನ್ನು ಗಮನಿಸುತ್ತಾ, ತನ್ನ ಸ್ನಾಯುಗಳಿಗೆ ಚಲನೆಯ ನೆನಪನ್ನು ಮರಳಿ ತಂದುಕೊಂಡೆ ಎಂದು ಅವರೇ ಹೇಳುತ್ತಿದ್ದರು. ಹುಟ್ಟುವ ಪ್ರಶ್ನೆ: ‘ಈ ಶಕ್ತಿ ನಿಮ್ಮಲ್ಲಿ ಹಿಂದೆ ಯಾವಾಗ ಇತ್ತು?’ ಕೇಳಿದವರ ಮುಖ ಅರಳುವುದನ್ನು ನಾನೇ ನೋಡಿದ್ದೇನೆ.

ಆದರೆ ಇದನ್ನು ವಾದವಾಗಿ ಓದಿದರೆ ಅಪಾಯ. ಖಿನ್ನತೆಗೆ ವೈದ್ಯರು ಬೇಕು, ಬಾಡಿಗೆ ಕಟ್ಟಲು ದುಡ್ಡು ಬೇಕು. ಅವು ಒಳಗೆ ಹುಡುಕಿದರೆ ಸಿಗುವಂಥವಲ್ಲ. ‘ಎಲ್ಲ ನಿನ್ನಲ್ಲೇ ಇದೆ’ ಎಂಬುದು ‘ಆಗದಿದ್ದರೆ ತಪ್ಪು ನಿನ್ನದೇ’ ಎಂದಾಗಲು ಹೆಚ್ಚು ಹೊತ್ತು ಬೇಡ.

ಪುರಾವೆ ಏನು ಹೇಳುತ್ತದೆ

ಪರೀಕ್ಷೆಗೆ ಇದನ್ನೂ ಓದಿಕೊಳ್ಳಿ. ಪ್ರತಿಯೊಬ್ಬರಿಗೂ ನೋಟ, ಶ್ರವಣ, ಸ್ಪರ್ಶಗಳಲ್ಲಿ ಒಂದು ಇಷ್ಟದ ದಾರಿ ಇರುತ್ತದೆ ಎಂಬ ಎನ್‌ಎಲ್‌ಪಿ ಹೇಳಿಕೆಯನ್ನು ಸಂಶೋಧಕ ಕ್ರಿಸ್ಟೋಫರ್ ಶಾರ್ಪ್ಲಿ 1984 ಮತ್ತು 1987ರಲ್ಲಿ ಪರಿಶೀಲಿಸಿದರು, ಸಂಶೋಧನೆಗಳು ಅದನ್ನು ಎತ್ತಿಹಿಡಿಯಲಿಲ್ಲ. 1988ರಲ್ಲಿ ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ ಸಮಿತಿಗೂ ಎನ್‌ಎಲ್‌ಪಿಯ ಪರವಾಗಿ ತಕ್ಕ ಪುರಾವೆ ಕಾಣಲಿಲ್ಲ. ಕಣ್ಣು ಹೊರಳುವ ದಿಕ್ಕಿನಿಂದ ಸುಳ್ಳು ಹಿಡಿಯಬಹುದೆಂಬ ಮಾತು 2012ರಲ್ಲಿ ಮನಶ್ಶಾಸ್ತ್ರಜ್ಞ ರಿಚರ್ಡ್ ವೈಸ್‌ಮನ್ ತಂಡದ ಪ್ರಯೋಗಗಳಲ್ಲಿ ಬಿದ್ದುಹೋಯಿತು.

ಇವೆಲ್ಲ ಅಳೆಯಬಹುದಾದ ಹೇಳಿಕೆಗಳು, ಹಾಗಾಗಿ ಸೋಲಲು ಸಾಧ್ಯವಾಯಿತು. ‘ಎಂದಿಟ್ಟುಕೊಳ್ಳೋಣ’ ಎಂಬುದನ್ನು ಹೀಗೆ ಅಳೆಯಲಾಗದು. ಅದು ಅದರ ಬಲವಲ್ಲ. ಆದ್ದರಿಂದಲೇ ನಾನು ಪೂರ್ವಕಲ್ಪನೆಗಳನ್ನು ಪ್ರಶ್ನೆ ಕೇಳಲು ಬಳಸುತ್ತೇನೆ, ಇನ್ನೊಬ್ಬರ ಬಗ್ಗೆ ತೀರ್ಮಾನ ಹೇಳಲು ಬಳಸುವುದಿಲ್ಲ.

ಅಭ್ಯಾಸಕ್ಕೆ

‘ಇಲ್ಲ’ ಸೇರಿಸಿ, ಏನು ಉಳಿಯುತ್ತದೆ ಬರೆಯಿರಿ.

1. ಅವಳು ಈ ಸಲವೂ ಫೋನ್ ಮಾಡಿದಳು. (ಉಳಿಯುವುದು: ‘ಈ ಸಲವೂ ಮಾಡಲಿಲ್ಲ’ ಎಂದರೆ ಹಿಂದೆಯೂ ಮಾಡಿರಲಿಲ್ಲ ಎಂದಾಗುತ್ತದೆ! ‘-ಊ’ ಬಂದಾಗ ಪೂರ್ವಕಲ್ಪನೆಯೇ ತಿರುಗಬಹುದು. ಇಲ್ಲಿ ‘ಇಲ್ಲ’ದ ಬದಲು ಪ್ರಶ್ನೆ ಮಾಡಿ ನೋಡಿ: ‘ಈ ಸಲವೂ ಫೋನ್ ಮಾಡಿದಳಾ?’ ಹಿಂದೆ ಮಾಡಿದ್ದಳು ಎಂಬುದು ಉಳಿಯುತ್ತದೆ.)
2. ನನ್ನ ಭಯ ಕಡಿಮೆಯಾಯಿತು. (ಉಳಿಯುವುದು: ಭಯ ಇತ್ತು.)
3. ನಾನು ನನ್ನ ಸೋಮಾರಿತನವನ್ನು ಗೆದ್ದೆ. (ಇದನ್ನು ನೀವೇ ಮಾಡಿ. ಉಳಿದದ್ದು ಸಿಕ್ಕ ಮೇಲೆ, ‘ಯಾವ ಕೆಲಸದಲ್ಲಿ, ಯಾವಾಗ?’ ಎಂದು ಕೇಳಿಕೊಳ್ಳಿ.)